ಹಿಂದಿನ ಅಂಗಳದ ಕೆಂಡ, ಅಪ್ಪನ ಕೈರುಚಿ

ಬದನೆಕಾಯಿ ಸುಡುವ ವಾಸನೆ ಬಂದರೆ ಬೇರೆಯವರಿಗೆ ಹಸಿವಾಗುತ್ತದೆ, ನನಗೆ ಸಿಟ್ಟು ಬರುತ್ತದೆ. ಕಳೆದ ಚಳಿಗಾಲದ ಒಂದು ಭಾನುವಾರ ಫರೀದಾಬಾದಿನಲ್ಲಿರುವ ನನ್ನ ತಮ್ಮ ರಘುವಿನ ಮನೆಯ ಗೇಟು ತೆಗೆಯುವಷ್ಟರಲ್ಲೇ ಆ ವಾಸನೆ ಮೂಗಿಗೆ ಬಡಿಯಿತು. ಮೊದಲು ಸಿಪ್ಪೆ ಕಪ್ಪಾಗುವ ಕಟು, ಆಮೇಲೆ ಒಳಗಿನ ತಿರುಳು ಬೆಂದು ಕೆಂಡದ ಮೇಲೆ ತೊಟ್ಟಿಕ್ಕುವಾಗಿನ ಸಿಹಿ. ಹುಲ್ಲಿನ ಮೇಲೆ ರಘು ಏಪ್ರನ್ ಕಟ್ಟಿಕೊಂಡು ನಿಂತಿದ್ದ. ಅವನ ಮುಂದೆ ಹೊಸ ಗ್ರಿಲ್. ಚಕ್ರ, ಮುಚ್ಚಳ, ಮುಚ್ಚಳದ ಮೇಲೆ ಬಿಸಿ ತೋರಿಸುವ ಮುಳ್ಳು, ಪಕ್ಕದಲ್ಲಿ ಸಲಕರಣೆ ನೇತುಹಾಕಲು ಕೊಕ್ಕೆಗಳು. ಉದ್ದ ಹಿಡಿಯ ಇಕ್ಕಳ, ತಾನಾಗಿಯೇ ತಿರುಗುವ ಸರಳು, ಪಿಟ್ಸಾ ಬೇಯಿಸುವ ಕಲ್ಲು, ಹೊಗೆಗೆಂದೇ ಮರದ ಚೂರು ತುಂಬಿಡುವ ಪುಟ್ಟ ಪೆಟ್ಟಿಗೆ. ಸುತ್ತ ಅವನ ಫ್ಯಾಕ್ಟರಿಯ ಸ್ನೇಹಿತರು ತಟ್ಟೆ ಹಿಡಿದು ಕಾಯುತ್ತಿದ್ದರು. "ಬಾ ಅಕ್ಕಾ, ಕರೆಕ್ಟ್ ಟೈಮಿಗೆ ಬಂದೆ. ಇವತ್ತು ಅಪ್ಪನ ಗೊಜ್ಜು!" ಎಂದ. ಆಮೇಲೆ ಸ್ನೇಹಿತರ ಕಡೆ ತಿರುಗಿ, "ಹಮಾರೇ ಪಾಪಾ ಕೀ ರೆಸಿಪಿ ಹೈ. ಗ್ರಿಲ್ಲಿಂಗ್ ತೋ ಖೂನ್ ಮೇ ಹೈ" ಎಂದು, ಅಪ್ಪನ ಕೈರುಚಿ ರಕ್ತದಲ್ಲೇ ಬಂದಿದೆ ಎಂಬಂತೆ ಎದೆ ತಟ್ಟಿಕೊಂಡ. ಅವನ ಬೆನ್ನ ಹಿಂದಿನ ಗೋಡೆಯಲ್ಲಿ ಒಂದು ಮರದ ಹಲಗೆ. ಹಲಗೆಯ ಮೇಲೆ ಇಂಗ್ಲಿಷಿನಲ್ಲಿ 'ತಾತನ ಗ್ರಿಲ್' ಎಂದು ಬಣ್ಣದಲ್ಲಿ ಬರೆಸಿದ್ದ. ತಾತ ಎಂದರೆ ಅವನ ಮಗಳ ತಾತ, ನಮ್ಮ ಅಪ್ಪ. ಅದರ ಕೆಳಗೆ ಮೊಳೆಗೆ ನೇತುಬಿದ್ದಿತ್ತು ಮಸಿ ಹಿಡಿದ, ಒಂದು ಮೂಲೆ ಸೊಟ್ಟಗಾದ ತಂತಿಯ ಜಾಳಿಗೆ. ಅಮ್ಮ ಹೋದ ಮೇಲೆ ಅವಳ ಟ್ರಂಕಿನಲ್ಲಿ ಸಿಕ್ಕಿದ್ದು. ಅದು ತಾತನದಲ್ಲ. ಅದು ಗ್ರಿಲ್ಲೂ ಅಲ್ಲ, ನಮ್ಮ ಮನೆಯ ಕೆಟ್ಟುಹೋದ ರೂಮ್ ಹೀಟರಿನ ಮುಂದಿನ ಜಾಳಿಗೆ. ಅದನ್ನು ಕಿತ್ತು, ಹಿಡಿಕೆಗೆ ತಂತಿ ಸುತ್ತಿ, ಒಲೆಯ ಮೇಲಿಟ್ಟವಳು ನನ್ನ ಅಮ್ಮ.

ನಿಮಗೂ ಇಂಥದೊಂದು ಮನೆ ಇದ್ದೀತು. ಈಗ ಇಲ್ಲದ್ದು, ಆದರೆ ಕಣ್ಣು ಮುಚ್ಚಿದರೆ ಯಾವ ಬಾಗಿಲು ಯಾವ ಕಡೆ ತೆರೆಯುತ್ತದೆ ಎಂದು ಹೇಳಬಲ್ಲಂಥದ್ದು. ನಮ್ಮದು ದಿಲ್ಲಿಯ ಆರ್.ಕೆ.ಪುರಂನ ಸರ್ಕಾರಿ ಕ್ವಾರ್ಟರ್ಸು, ನೆಲಮಹಡಿ. ಮುಂದೆ ಒಂದು ಬೇವಿನ ಮರ, ಹಿಂದೆ ಗೋಡೆ ಕಟ್ಟಿದ ಪುಟ್ಟ ಅಂಗಳ, ಅದಕ್ಕೆ ಮನೆಯ ಪಕ್ಕದಿಂದಲೂ ಒಂದು ಓಣಿ, ಅಡುಗೆಮನೆಯಿಂದ ಆ ಅಂಗಳಕ್ಕೆ ಸೊಳ್ಳೆಪರದೆಯಂಥ ಜಾಲಿ ಹೊಡೆದ ಬಾಗಿಲು. ಅಪ್ಪ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತರು. ಅಮ್ಮ ತನ್ನ ಅಣ್ಣನ ಮನೆಯಲ್ಲಿದ್ದು ಟೈಪಿಂಗ್ ಕಲಿತು ಅದೇ ಕಚೇರಿಗೆ ಬಂದವಳು. ಇಬ್ಬರಿಗೂ ಕನ್ನಡ ಬರುತ್ತಿತ್ತು, ಜಾತಿ ಬೇರೆಯಾಗಿತ್ತು. ಊರಿನಲ್ಲಾಗಿದ್ದರೆ ಮುಖ ಎತ್ತಿ ನೋಡದವರು ದಿಲ್ಲಿಯಲ್ಲಿ ಮದುವೆಯಾದರು. ಅಮ್ಮ ಮದುವೆಯಾದ ಮೇಲೆ ಮಾಂಸ ಬಿಟ್ಟಳು, ಮೊಟ್ಟೆ ಬಿಟ್ಟಳು, ನಾನು ಹುಟ್ಟಿದಾಗ ಕೆಲಸವನ್ನೂ ಬಿಟ್ಟಳು. ಏನೇನು ಬಿಟ್ಟರೂ ಸಾಲಲಿಲ್ಲ. ತಾತ ತೀರಿಕೊಂಡು ಅಜ್ಜಿ, ಅಂದರೆ ಅಪ್ಪನ ತಾಯಿ, ನಮ್ಮಲ್ಲಿಗೆ ಬಂದು ಇರುವುದೆಂದಾದಾಗ ಸ್ಟೇಷನ್ನಿನಿಂದ ಬಂದ ಆಟೋದಲ್ಲೇ ಷರತ್ತು ಇತ್ಯರ್ಥವಾಗಿತ್ತು. "ಅಡುಗೆಮನೆ ನಂದು. ಅವಳು ಒಳಗೆ ಬರಕೂಡದು." ಅಪ್ಪ ಹೂಂ ಎಂದರಂತೆ. ಅಜ್ಜಿ ಇದ್ದಷ್ಟು ಕಾಲವೂ ಅಮ್ಮನನ್ನು 'ಅವಳು' ಎಂದೇ ಕರೆದರು. ಅಮ್ಮನ ಹೆಸರು ಕೇಳಿದರೇ ಊರು ಕೇರಿ ಗೊತ್ತಾಗಿಬಿಡುತ್ತದೆ ಎಂದು, ಮನೆಗೆ ಯಾರಾದರೂ ಬಂದರೆ ಅಪ್ಪನೂ ಆ ಹೆಸರು ಹಿಡಿದು ಕರೆಯುತ್ತಿರಲಿಲ್ಲ.

ಹಾಗೆ ಅಮ್ಮನ ಅಡುಗೆಮನೆ ಅಂಗಳಕ್ಕೆ ಬಂತು. ಗ್ಯಾಸು ಒಂದೇ ಇದ್ದದ್ದು, ಅದು ಒಳಗೆ. ಸೀಮೆಎಣ್ಣೆ ಸ್ಟವ್ವನ್ನು ಆ ಗಾಳಿಯಲ್ಲಿ ಹೊತ್ತಿಸಿದರೆ ಆರಿ ಹೋಗುತ್ತಿತ್ತು. ತೂತುಬಿದ್ದ ಕಬ್ಬಿಣದ ಬಕೀಟೊಂದರ ಬುಡದ ಹತ್ತಿರ ಕಿಂಡಿ ಕೊರೆಸಿ, ನಡುವೆ ಸರಳು ಕೂರಿಸಿ, ಒಳಗೆಲ್ಲ ಮಣ್ಣು ಮೆತ್ತಿ ಅಮ್ಮ ಅಂಗೀಠಿ ಮಾಡಿಕೊಂಡಳು. ಚಳಿಗಾಲದಲ್ಲಿ ಕಾಲೊನಿಯ ಬಹಳ ಮನೆಗಳಲ್ಲಿ ಇಂಥ ಕಲ್ಲಿದ್ದಲಿನ ಒಲೆ ಹೊತ್ತುತ್ತಿತ್ತು. ಎಲ್ಲರೂ ಅದನ್ನು ಹೊರಗೆ ಹೊತ್ತಿಸಿ, ಹೊಗೆ ಅಡಗಿ ಕೆಂಡ ಕೆಂಪಾದ ಮೇಲೆ ಒಳಗೆ ಒಯ್ಯುತ್ತಿದ್ದರು. ನಮ್ಮದು ಮಾತ್ರ ಯಾವತ್ತೂ ಒಳಗೆ ಹೋಗಲಿಲ್ಲ. ಅಜ್ಜಿ ಒಳಗೆ ತಮಗೂ ಮಗನಿಗೂ ಮಡಿಯಲ್ಲಿ ಬೇಯಿಸಿಕೊಳ್ಳುತ್ತಿದ್ದರು, ಅಮ್ಮ ಹೊರಗೆ ತನಗೂ ನನಗೂ ಬೇಯಿಸುತ್ತಿದ್ದಳು. ಅಪ್ಪ ಎರಡೂ ಕಡೆ ಉಣ್ಣುತ್ತಿದ್ದರು. ಮೇ ತಿಂಗಳ ಲೂ ಗಾಳಿ ಮುಖಕ್ಕೆ ಬೆಂಕಿ ಎರಚುವಾಗಲೂ ಅಮ್ಮ ಅಲ್ಲೇ. ಜನವರಿಯ ಮಂಜಿನಲ್ಲಿ ಎದುರಿನ ಗೋಡೆ ಕಾಣದೆ ಹೋದಾಗಲೂ ಅಲ್ಲೇ. ಮಳೆ ಬಂದರೆ ತಲೆಯ ಮೇಲೊಂದು ತಗಡು.

ಆ ಬಕೀಟಿನ ಮೇಲೆ ಅವಳು ಮಾಡದ ಅಡುಗೆ ಇರಲಿಲ್ಲ. ಕೆಂಡವನ್ನೆಲ್ಲ ಒಂದು ಪಕ್ಕಕ್ಕೆ ಎಳೆದು ಉರಿಯ ಕಡೆ ಚಪಾತಿ, ಬರಿದಾದ ಕಡೆ ಬೇಳೆ ಇಡುತ್ತಿದ್ದಳು. ಬೇಳೆ ಸದ್ದಿಲ್ಲದೆ ಕುದಿಯುತ್ತಿತ್ತು. ಹೀಟರ್ ಜಾಳಿಗೆಯ ಮೇಲೆ ಚಪಾತಿ ಹಾಕಿದರೆ ಉಬ್ಬಿ ನಿಲ್ಲುತ್ತಿತ್ತು. ಹಪ್ಪಳ, ಜೋಳ, ಟೊಮೆಟೊ ಎಲ್ಲ ಅದರ ಮೇಲೇ. ಹಳೇ ಸೈಕಲ್ಲಿನ ಕಡ್ಡಿಗಳನ್ನು ಉಜ್ಜಿ ತೊಳೆದು ಆಲೂಗಡ್ಡೆ, ದಪ್ಪ ಮೆಣಸಿನಕಾಯಿ ಚುಚ್ಚಿ ಬಕೀಟಿನ ಬಾಯಿಗೆ ಅಡ್ಡ ಇಡುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ಅವನ್ನು ತಿರುಗಿಸುತ್ತಿದ್ದೆ. ಬೂದಿಯೊಳಗೆ ಸಿಹಿಗೆಣಸು ಹೂತಿಟ್ಟು ಶಾಲೆಯಿಂದ ಬರುವ ಹೊತ್ತಿಗೆ ತೆಗೆದು ಕೊಡುತ್ತಿದ್ದಳು. ಹುಟ್ಟುಹಬ್ಬಕ್ಕೆ ದಪ್ಪತಳದ ಪಾತ್ರೆಯಲ್ಲಿ ರವೆ ಕೇಕಿನ ಹಿಟ್ಟು ಸುರಿದು, ತಟ್ಟೆ ಮುಚ್ಚಿ, ತಟ್ಟೆಯ ಮೇಲೂ ಕೆಂಡ ಹಾಕುತ್ತಿದ್ದಳು. ಕೇಕು ಮೇಲೆ ಕೆಳಗೆ ಕೆಂಪಗಾಗಿ ಬರುತ್ತಿತ್ತು. ಮಹಡಿಯ ಮೇಲಿನ ಪಂಜಾಬಿ ಹಿರಿಯಾಕೆ, ಎಲ್ಲರೂ ಬೀಜಿ ಎನ್ನುತ್ತಿದ್ದವರು, ಬಾಲ್ಕನಿಯಿಂದ ಬಗ್ಗಿ, "ಅರೇ ಬೇಟಿ, ತೇರೇ ಘರ್ ಮೇ ರೋಜ್ ಪಿಕ್‌ನಿಕ್ ಹೈ!" ಎಂದು ನಗುತ್ತಿದ್ದರು. ದಿನವೂ ಪಿಕ್‌ನಿಕ್ ಎಂದೇ ಆಗ ನಾನೂ ತಿಳಿದಿದ್ದೆ. ಈಗ ಯೋಚಿಸಿದರೆ ಆ ಪಿಕ್‌ನಿಕ್ ಎಂಬ ಮಾತಿಗೇ ಮೈಯುರಿಯುತ್ತದೆ. ಮನೆಯ ಒಳಗೆ ಬಿಡದವರಿಗೆ ಎಂಥ ಪಿಕ್‌ನಿಕ್?

ಕೆಂಡದ ಹೊಗೆ ಹಿಡಿಸುವುದನ್ನು ಅಮ್ಮ ಕಲಿತದ್ದು ಆ ಬೀಜಿಯಿಂದಲೇ. ಅವರು ದಾಲ್‌ಗೆ ಹಿಡಿಸುತ್ತಿದ್ದರು, ಅಮ್ಮ ಅದನ್ನು ಬದನೆಕಾಯಿ ಗೊಜ್ಜಿಗೆ ತಂದಳು. ದಪ್ಪ ಬದನೆಕಾಯಿಗೆ ಎಣ್ಣೆ ಸವರಿ, ಅಲ್ಲಲ್ಲಿ ಚುಚ್ಚಿ, ಜಾಳಿಗೆಯ ಮೇಲೆ ಸಾವಕಾಶವಾಗಿ ಸುಟ್ಟು, ಸಿಪ್ಪೆ ಸುಲಿದು, ಸುಟ್ಟ ಹಸಿಮೆಣಸಿನಕಾಯಿ, ಹುಣಸೆಹುಳಿ, ಚೂರು ಬೆಲ್ಲ ಸೇರಿಸಿ ಕಿವುಚುತ್ತಿದ್ದಳು. ಆಮೇಲೆ ಗೊಜ್ಜಿನ ನಡುವೆ ಒಂದು ಪುಟ್ಟ ಬಟ್ಟಲು, ಬಟ್ಟಲಲ್ಲಿ ಒಂದು ನಿಗಿನಿಗಿ ಕೆಂಡ, ಕೆಂಡದ ಮೇಲೆ ಚಿಟಿಕೆ ಇಂಗು, ಅದರ ಮೇಲೆ ಒಂದು ಹನಿ ತುಪ್ಪ. ಹೊಗೆ ಏಳುತ್ತಲೇ ತಟ್ಟೆ ಮುಚ್ಚಿಬಿಡುತ್ತಿದ್ದಳು. ತಟ್ಟೆ ತೆಗೆದಾಗ ಬರುವ ಘಮವನ್ನು ನಾನು ಹೇಗೆ ಹೇಳಲಿ? ಆಮೇಲೆ ಎಷ್ಟೋ ಕಡೆ ಎಷ್ಟೋ ಊಟ ಮಾಡಿದ್ದೇನೆ, ಆ ಇಂಗಿನ ಹೊಗೆ ಮತ್ತೆಲ್ಲೂ ಸಿಗಲಿಲ್ಲ.

ರಘು ಹುಟ್ಟಿದ ವರ್ಷ ಅಜ್ಜಿಯ ಕಣ್ಣು ಮಂಜಾಯಿತು, ಕೈ ನಡುಗಲು ಶುರುವಾಯಿತು. ಒಲೆ ಹೊತ್ತಿಸಲು ಹೋಗಿ ಸೆರಗು ಸುಟ್ಟುಕೊಂಡರು. ಇನ್ನು ಅವರಿಂದ ಅಡುಗೆ ಸಾಧ್ಯವಿರಲಿಲ್ಲ. ಈಗಲಾದರೂ ಅಮ್ಮನನ್ನು ಒಳಗೆ ಕರೆಯುತ್ತಾರೆ ಎಂದು ನಾನು ತಿಳಿದೆ, ಬಹುಶಃ ಅಮ್ಮನೂ ತಿಳಿದಿದ್ದಳು. ಅಪ್ಪ ಕಂಡುಹಿಡಿದದ್ದು ಬೇರೆ ದಾರಿ. "ನಾನೇ ಮಾಡಿ ಹಾಕ್ತೀನಿ ಅಮ್ಮ, ಯೋಚನೆ ಮಾಡಬೇಡ" ಎಂದು ಅಜ್ಜಿಗೆ ಹೇಳಿದರು. ಅಪ್ಪನಿಗೆ ಕಾಫಿ ಕೂಡ ಮಾಡಲು ಬರುತ್ತಿರಲಿಲ್ಲ! ಬೆಳಿಗ್ಗೆ ಅಮ್ಮ ಅಂಗಳದಲ್ಲಿ ಎಲ್ಲರಿಗೂ ಅಡುಗೆ ಮಾಡುತ್ತಿದ್ದಳು. ಅಪ್ಪ ಸ್ನಾನ ಮಾಡಿ, ಮಡಿಪಂಚೆ ಉಟ್ಟು, ಅಜ್ಜಿಯ ಪಾತ್ರೆಗಳನ್ನು ಹಿಡಿದು ಜಾಲಿ ಬಾಗಿಲ ಹೊಸ್ತಿಲಲ್ಲಿ ನಿಲ್ಲುತ್ತಿದ್ದರು. ಅಮ್ಮ ತನ್ನ ಪಾತ್ರೆ ಎತ್ತಿ, ತಾಗದ ಹಾಗೆ, ಮೇಲಿನಿಂದ ಅಜ್ಜಿಯ ಪಾತ್ರೆಗೆ ಸುರಿಯುತ್ತಿದ್ದಳು. ಪಾತ್ರೆ ಬದಲಾದರೆ ಅಡುಗೆ ಮಾಡಿದ ಕೈಯೂ ಬದಲಾದಂತೆ. ಅಪ್ಪ ಒಳಗೆ ಹೋಗಿ ಗ್ಯಾಸಿನ ಹತ್ತಿರ ಒಂದಿಷ್ಟು ಸೌಟು ಸದ್ದು ಮಾಡಿ, ಮಣೆ ಹಾಕಿ, ಅಜ್ಜಿಗೆ ಬಡಿಸುತ್ತಿದ್ದರು.

ಗೊಜ್ಜಿನ ದಿನವಂತೂ ಅಜ್ಜಿ ಮತ್ತೆ ಮತ್ತೆ ಹಾಕಿಸಿಕೊಳ್ಳುತ್ತಿದ್ದರು. "ಎಂಥ ಕೈರುಚಿಯೋ ಮಗೂ ನಿಂದು! ನಮ್ಮ ವಂಶದಲ್ಲೇ ಯಾರಿಗೂ ಈ ಕೈ ಇರಲಿಲ್ಲ" ಎನ್ನುತ್ತಿದ್ದರು. ಹೊರಗೆ, ಜಾಲಿಯ ಆಚೆ, ಅಮ್ಮ ಕೆಂಡಕ್ಕೆ ಬೂದಿ ಮುಚ್ಚುತ್ತ ಅದನ್ನು ಕೇಳಿಸಿಕೊಳ್ಳುತ್ತಿದ್ದಳು. ಅಜ್ಜಿಗೆ ನಿಜವಾಗಿಯೂ ಗೊತ್ತಿರಲಿಲ್ಲವೇ? ಕಣ್ಣು ಹೋಗಿತ್ತು, ಮೂಗು ಹೋಗಿರಲಿಲ್ಲ. ಕಲ್ಲಿದ್ದಲಿನ ಕೆಂಡದ ವಾಸನೆಗೂ ಗ್ಯಾಸಿನ ಉರಿಗೂ ವ್ಯತ್ಯಾಸ ತಿಳಿಯದಷ್ಟು ದಡ್ಡರೂ ಅವರಲ್ಲ. ಕೇಳಿದರೆ ಉಪವಾಸ ಬೀಳಬೇಕಾಗುತ್ತದೆ ಎಂದು ಕೇಳಲಿಲ್ಲ, ಅಷ್ಟೇ. ಆ ಜಾಣತನವನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಒಂದು ಸಂಜೆ ಅಮ್ಮ ಅಂಗಳದಲ್ಲಿ ಅಪ್ಪನಿಗೆ ಹೇಳಿದ್ದನ್ನು ಪಕ್ಕದಲ್ಲೇ ಕೂತು ಬಟಾಣಿ ಬಿಡಿಸುತ್ತಿದ್ದ ನಾನು ಕೇಳಿದ್ದೇನೆ. "ನನಗೆ ಒಳಗೆ ಬರೋದು ಬೇಡ ರೀ. ಇಲ್ಲೇ ಅಭ್ಯಾಸ ಆಗಿದೆ. ಆದರೆ ಇದು ನಾನು ಮಾಡಿದ್ದು ಅಂತ ಅವರಿಗೆ ಒಂದು ಸಲ ಹೇಳಿಬಿಡಿ. ಊಟ ಆದಮೇಲೆ ಹೇಳಿ, ಪರವಾಗಿಲ್ಲ. ಒಂದೇ ಒಂದು ಸಲ." ಅಪ್ಪ ತಲೆ ಬಗ್ಗಿಸಿ, "ಹೇಳ್ತೀನಿ ಕಣೇ. ಸಮಯ ನೋಡಿ ಹೇಳ್ತೀನಿ" ಎಂದರು. ಅಮ್ಮ ಬೇರೇನೂ ಕೇಳಿರಲಿಲ್ಲ. ಸೀರೆ ಕೇಳಲಿಲ್ಲ, ಒಡವೆ ಕೇಳಲಿಲ್ಲ, ಬಿಟ್ಟ ಕೆಲಸವನ್ನು ವಾಪಸು ಕೇಳಲಿಲ್ಲ. ಅವಳ ಕೈಯಡುಗೆ ಅವಳದು ಎನ್ನುವ ಒಂದು ಮಾತು ಅವಳಿಗೆ ಬೇಕಿತ್ತು. ಆಮೇಲೆ ಎಷ್ಟೋ ಸಲ ಅವಳು ಅಪ್ಪನ ಮುಖ ನೋಡುವುದನ್ನು ನಾನು ಕಂಡಿದ್ದೇನೆ. ಅಪ್ಪ ಸಮಯ ನೋಡುತ್ತಲೇ ಇದ್ದರು.

ಸಮಯ ಬಂತು, ಅಜ್ಜಿ ಹೋದ ಮೇಲೆ. ವೈಕುಂಠ ಸಮಾರಾಧನೆಗೆ ಊರಿನಿಂದ ನೆಂಟರು ಬಂದಿದ್ದರು. ಅಡುಗೆಯವರು ಮಾಡಿದ ಊಟ ಮುಗಿಸಿ ಎಲ್ಲರೂ ಹಾಲಿನಲ್ಲಿ ಕೂತಿದ್ದಾಗ ಅಪ್ಪನ ಸೋದರಮಾವ ಗಂಟಲು ಸರಿಮಾಡಿಕೊಂಡು ಶುರುಮಾಡಿದರು. "ಇಂಥ ಮಗ ಎಲ್ಲಿ ಸಿಗ್ತಾನೆ ಹೇಳಿ. ಆಫೀಸಿಗೆ ಹೋಗೋ ಗಂಡಸು ದಿನಾ ಮಡಿಯಲ್ಲಿ ಅಡುಗೆ ಮಾಡಿ ತಾಯಿಗೆ ಹಾಕಿದ. ಆ ಬದನೆಕಾಯಿ ಗೊಜ್ಜಿನ ವಿಷಯ ಅಕ್ಕ ಪ್ರತಿ ಕಾಗದದಲ್ಲೂ ಬರೆಸ್ತಿದ್ದಳು." ಎಲ್ಲರೂ ತಲೆಯಾಡಿಸಿದರು. ಯಾರೋ ಕಣ್ಣೊರೆಸಿಕೊಂಡರು. ಅಮ್ಮ ಅಡುಗೆಮನೆಯ ಬಾಗಿಲಲ್ಲಿ, ಇನ್ನೂ ಹೊಸ್ತಿಲ ಈಚೆಗೇ, ನಿಂತಿದ್ದಳು. ಅಜ್ಜಿ ಇರಲಿಲ್ಲ, ಉಪವಾಸ ಬೀಳುವವರು ಯಾರೂ ಇರಲಿಲ್ಲ, ಹೆದರುವುದಕ್ಕೆ ಕಾರಣವೇ ಇರಲಿಲ್ಲ. ಅಮ್ಮ ಅಪ್ಪನನ್ನೇ ನೋಡುತ್ತಿದ್ದಳು. ಅಪ್ಪ ನೆಲ ನೋಡಿದರು. ಆಮೇಲೆ, ನಾನು ಕಣ್ಣಾರೆ ಕಂಡೆ, ಕೈಜೋಡಿಸಿ, "ಎಲ್ಲಾ ಅವಳ ಆಶೀರ್ವಾದ" ಎಂದರು. ಆ 'ಅವಳು' ಅಮ್ಮನಲ್ಲ, ಸತ್ತ ಅಜ್ಜಿ.

ಅಪ್ಪ ಒಳ್ಳೆಯವರು. ಕಾಲೊನಿಯಲ್ಲಿ ಎಲ್ಲರೂ ಹಾಗೇ ಹೇಳುತ್ತಿದ್ದರು, ನಾನೂ ಹೇಳುತ್ತೇನೆ. ನನಗೆ ಜ್ವರ ಬಂದರೆ ತಲೆದಿಂಬಿನ ಪಕ್ಕ ಬೆಳಗಿನವರೆಗೆ ಕೂರುತ್ತಿದ್ದರು. ಯಾರ ಮೇಲೂ ಒಂದು ದಿನ ದನಿ ಎತ್ತಲಿಲ್ಲ. ಕೆಟ್ಟವರ ಮೇಲೆ ಸಿಟ್ಟು ಮಾಡಿಕೊಂಡು ಹಗುರಾಗಬಹುದು, ಇಂಥ ಒಳ್ಳೆಯವರ ಮೇಲಿನ ಸಿಟ್ಟನ್ನು ಎಲ್ಲಿ ಇಳಿಸುವುದು? ದನಿ ಎತ್ತದವರು ಎತ್ತಬೇಕಾದ ಕಡೆಯೂ ಎತ್ತುವುದಿಲ್ಲ.

ನೆಂಟರು ಹೊರಟ ಮಾರನೆಯ ದಿನ ಅಪ್ಪನೇ ಅಮ್ಮನನ್ನು ಅಡುಗೆಮನೆಗೆ ಕರೆದರು. ಅಮ್ಮ ಹೋದಳು. ಗ್ಯಾಸು ಹೊತ್ತಿಸಿದಳು, ಹಾಲಿಟ್ಟಳು. ಬಕೀಟಿನ ಅಂಗೀಠಿಯನ್ನು ಕಾಲೊನಿಯ ಚೌಕಿದಾರನಿಗೆ ಚಳಿ ಕಾಯಿಸಿಕೊಳ್ಳಲು ಕೊಟ್ಟುಬಿಟ್ಟಳು. ಜಾಳಿಗೆಯನ್ನು ಮಾತ್ರ ಕೊಡಲಿಲ್ಲ, ಹಳೇ ಸೀರೆಯಲ್ಲಿ ಸುತ್ತಿ ಟ್ರಂಕಿಗೆ ಹಾಕಿದಳು. ಸಾರು, ಹುಳಿ, ಪಲ್ಯ, ಎಲ್ಲರ ಮನೆಯ ಹಾಗೆ ಎಲ್ಲ ನಡೆಯಿತು. ಆ ಚಳಿಗಾಲ ತಳ್ಳುಗಾಡಿಯವನು ದಪ್ಪ ಬದನೆಕಾಯಿ ತಂದಾಗ ಅಪ್ಪ ತಾವೇ ಆರಿಸಿ ತಂದು ಮೇಜಿನ ಮೇಲಿಟ್ಟು, "ಗೊಜ್ಜು ಮಾಡೇ, ಬಹಳ ದಿನ ಆಯಿತು" ಎಂದರು. ಅಮ್ಮ ಕೈಯೊರೆಸಿಕೊಳ್ಳುತ್ತ ಬಂದು ಬದನೆಕಾಯಿ ನೋಡಿದಳು, ಅಪ್ಪನನ್ನು ನೋಡಿದಳು. ಸಿಟ್ಟಿನ ಮುಖವಲ್ಲ. "ಅದು ನಿಮ್ಮ ಕೈರುಚಿ ಅಲ್ವಾ. ನೀವೇ ಮಾಡಿ" ಎಂದಳು.

ಅಪ್ಪ ಮಾಡಲಿಲ್ಲ. ಮಾಡಲು ಬರುತ್ತಿರಲಿಲ್ಲ. ಆ ಬದನೆಕಾಯಿಗಳು ಮೇಜಿನ ಮೇಲೇ ಸುಕ್ಕಾದವು. ಅಮ್ಮ ಮತ್ತೆಂದೂ ಆ ಗೊಜ್ಜು ಮಾಡಲಿಲ್ಲ. ಅಪ್ಪ ನಿವೃತ್ತರಾಗಿ ನಾವು ಮಯೂರ್ ವಿಹಾರಿನ ಫ್ಲಾಟಿಗೆ ಬಂದ ಮೇಲೂ ಮಾಡಲಿಲ್ಲ. ಕೊನೆಕೊನೆಗೆ ಅಪ್ಪನಿಗೆ ಬಾಯಿರುಚಿ ಕೆಟ್ಟು ಏನೂ ಸೇರದೆ ಹೋದಾಗ ನಾನು, "ಒಂದು ಸಲ ಮಾಡಮ್ಮ" ಎಂದೆ. ಅಮ್ಮ ಅವರಿಗೆ ಗಂಜಿ ಕಾಸಿ, ಆರಿಸಿ, ಚಮಚದಲ್ಲಿ ಕುಡಿಸಿದಳು. ತಿಂಗಳಾನುಗಟ್ಟಲೆ ಕುಡಿಸಿದಳು. ಗೊಜ್ಜು ಮಾಡಲಿಲ್ಲ. ಅಪ್ಪನೂ ಕೇಳಲಿಲ್ಲ. ಇಬ್ಬರೂ ಈಗಿಲ್ಲ. ಆ ಕ್ವಾರ್ಟರ್ಸಿನ ಸಾಲೂ ಇಲ್ಲ, ಬೇವಿನ ಮರವನ್ನೂ ಸೇರಿಸಿ ಕೆಡವಿದ್ದಾರೆ. ಒಮ್ಮೆ ಆ ಕಡೆ ಹೋದಾಗ ಆಟೋ ನಿಲ್ಲಿಸಿ ನೋಡಿದೆ. ತಗಡಿನ ಬೇಲಿ, ಅದರ ಹಿಂದೆ ಕ್ರೇನು. ನಮ್ಮ ಅಂಗಳ ಇದ್ದ ಜಾಗ ಯಾವುದೆಂದು ಹೊಳೆಯಲಿಲ್ಲ.

ಈಗ ರಘುವಿನ ಹುಲ್ಲಿನಂಗಳಕ್ಕೆ ಬರೋಣ. ಅಜ್ಜಿ ಹೋದಾಗ ಅವನಿನ್ನೂ ತೊದಲುತ್ತಿದ್ದ ಕೂಸು. ಆ ಗೊಜ್ಜಿನ ರುಚಿ ಅವನಿಗೆ ನೆನಪಿರಲು ಸಾಧ್ಯವೇ ಇಲ್ಲ. ಅವನಿಗೆ ಗೊತ್ತಿರುವುದು ನೆಂಟರು ಬಂದಾಗಲೆಲ್ಲ ಹೇಳಿ ಹೇಳಿ ನುಣುಪಾದ ಕಥೆ. ಅವನು ತನ್ನ ಗೊಜ್ಜನ್ನು ಚಮಚದಲ್ಲಿ ನೆಕ್ಕಿ ನೋಡಿ, ಮುಖ ಕಿವುಚಿದ. "ಅಪ್ಪನ ಥರ ಬಂದಿಲ್ಲ ಅನ್ಸುತ್ತೆ. ಅಕ್ಕಾ, ನೀನು ದೊಡ್ಡವಳಾಗಿದ್ದೆ, ನಿಂಗೆ ನೆನಪಿರುತ್ತೆ. ಅಪ್ಪ ಇದಕ್ಕೆ ಏನು ಮಾಡ್ತಿದ್ರು?"

"ಪಾತ್ರೆ ಬದಲಾಯಿಸ್ತಿದ್ರು" ಎಂದೆ. "ಅಷ್ಟೇ ಮಾಡ್ತಿದ್ದದ್ದು."

ಅವನಿಗೆ ಅರ್ಥವಾಗಲಿಲ್ಲ. ಹೇಳಿದೆ. ಹೊಸ್ತಿಲು, ಮಡಿಪಂಚೆ, ಸೌಟಿನ ಸದ್ದು, ಸಮಾರಾಧನೆಯ ದಿನ, ಎಲ್ಲ ಹೇಳಿದೆ. ಕನ್ನಡದಲ್ಲಿ ಶುರುಮಾಡಿದವಳು, ಅವನ ಸ್ನೇಹಿತರಿಗೂ ತಿಳಿಯಲಿ ಎಂದು ಹಿಂದಿಗೆ ಬಂದೆ. ದನಿ ಎಷ್ಟು ಏರಿತ್ತೆಂದರೆ ಪಕ್ಕದ ಮನೆಯವರು ಇಣುಕಿದರು. ರಘು ನನ್ನ ತೋಳು ಹಿಡಿದು, "ಅಕ್ಕಾ, ಪ್ಲೀಸ್. ಜನರ ಮುಂದೆ ಯಾಕೆ ಇದೆಲ್ಲ? ಆಮೇಲೆ ಮಾತಾಡೋಣ, ಸಮಯ ನೋಡಿ" ಎಂದ. ಪಾಪ, ಆ ಮಾತು ಅವನಿಗೆ ಎಲ್ಲಿಂದ ಬಂತೋ. ಅಪ್ಪನದೇ ಮುಖ, ಅಪ್ಪನದೇ ಬಗ್ಗಿದ ತಲೆ. "ಜನರ ಮುಂದೆ ಮುಚ್ಚಿಟ್ಟಿದ್ದನ್ನ ಜನರ ಮುಂದೆನೇ ಹೇಳಬೇಕು ಕಣೋ" ಎಂದೆ. ಅವನ ಮಗಳು ತನ್ವಿ, ಕಾಲೇಜಿಗೆ ಹೋಗುವವಳು, ಅಷ್ಟು ಹೊತ್ತೂ ತಟ್ಟೆ ಹಿಡಿದು ನಿಂತೇ ಇದ್ದಳು. "ಅತ್ತೆ, ಲೇಕಿನ್ ಅಜ್ಜಿ ಅಂದರ್ ಕ್ಯೋಂ ನಹೀ ಗಯೀ? ಕಿಚನ್ ಅವರ್ದು ಭೀ ಥಾ ನಾ?" ಎಂದು ಕೇಳಿದಳು. ಅವಳು ಅಜ್ಜಿ ಎಂದದ್ದು ನನ್ನ ಅಮ್ಮನನ್ನು. ಅಡುಗೆಮನೆ ಅವಳದೂ ಆಗಿತ್ತಲ್ಲ, ಒಳಗೆ ಯಾಕೆ ಹೋಗಲಿಲ್ಲ? ರಘು ಗ್ರಿಲ್ಲಿನ ಮುಚ್ಚಳ ಹಾಕಿದ.

ನಾನು ಗೋಡೆಯ ಹತ್ತಿರ ಹೋಗಿ ಮೊಳೆಯಿಂದ ಜಾಳಿಗೆ ತೆಗೆದೆ. ರಘು ತಡೆಯಲಿಲ್ಲ. ಮೆಟ್ರೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದೆ, ಕುರ್ತಾಕ್ಕೆಲ್ಲ ಮಸಿ ಹತ್ತಿತು. ಈಗ ಅದು ಮಯೂರ್ ವಿಹಾರಿನ ನನ್ನ ಅಡುಗೆಮನೆಯಲ್ಲಿದೆ, ಗ್ಯಾಸಿನ ಮೇಲಿನ ಗೋಡೆಯಲ್ಲಿ, ಕೈಗೆ ಸಿಗುವ ಕಡೆ. ಇದರಿಂದ ಅಮ್ಮನಿಗೆ ನ್ಯಾಯ ಸಿಕ್ಕಿತು ಎಂದು ನಾನು ಹೇಳುವುದಿಲ್ಲ. ಅವಳಿಗೆ ಬೇಕಿದ್ದ ಮಾತನ್ನು ಆಡಬೇಕಾದವರು ಆಡಲಿಲ್ಲ, ಕೇಳಬೇಕಾದವಳು ಈಗಿಲ್ಲ. ಸಿಟ್ಟೂ ಇಳಿದಿಲ್ಲ. ಹೋದ ವಾರ ತನ್ವಿ ಒಬ್ಬಳೇ ಬಂದಿದ್ದಳು. ಇಬ್ಬರೂ ಸೇರಿ ಆ ಜಾಳಿಗೆಯ ಮೇಲೆ ಬದನೆಕಾಯಿ ಸುಟ್ಟೆವು, ಇದ್ದಿಲಿನ ಒಂದು ಚೂರನ್ನು ಕೆಂಡ ಮಾಡಿ ಇಂಗು ತುಪ್ಪ ಹಾಕಿ ಮುಚ್ಚಿದೆವು. ತಟ್ಟೆ ತೆಗೆದಾಗ ಆ ಹುಡುಗಿ ಕಣ್ಣು ಮುಚ್ಚಿ ಉಸಿರೆಳೆದು, "ಇದಕ್ಕೆ ಏನು ಹೆಸರು ಅತ್ತೆ?" ಎಂದಳು. ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಕರೆಯದ ಹೆಸರನ್ನು ನಾನು ಗಟ್ಟಿಯಾಗಿ ಹೇಳಿದೆ. ಪುಟ್ಟತಾಯಮ್ಮನ ಗೊಜ್ಜು.